ಮಾಮೂಲಿ ಶಾಲೆ ಬೇಡ ಅನ್ನಿಸಿದರೆ: ಮಂಗಳೂರು, ಉಡುಪಿಯ ಅಪ್ಪ ಅಮ್ಮಂದಿರ ಮುಂದಿರುವ ದಾರಿಗಳು

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಉಡುಪಿ ಜಿಲ್ಲೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಶಾಲೆಗಳ ವಿಷಯದಲ್ಲಿ ನಮ್ಮ ಕರಾವಳಿಗೆ ಕೊರತೆ ಏನೂ ಇಲ್ಲ. ಆದರೂ "ಈ ಶಾಲೆ ನನ್ನ ಮಗುವಿಗೆ ಬೇಡ ಅನ್ನಿಸುತ್ತದೆ, ಬೇರೆ ಎಂತ ಉಂಟು?" ಎಂದು ಕೇಳುವ ಅಪ್ಪ ಅಮ್ಮಂದಿರು ಈಗೀಗ ಜಾಸ್ತಿ ಸಿಗುತ್ತಾರೆ. ಒಬ್ಬರಿಗೆ ಏಳೂಕಾಲಕ್ಕೆ ವ್ಯಾನ್ ಹತ್ತಿ ಹೋಗುವ ಆರು ವರ್ಷದ ಮಗಳ ಚಿಂತೆ. ಇನ್ನೊಬ್ಬರ ಮಗನಿಗೆ ಓದು ನಿಧಾನ, ಕ್ಲಾಸಿನಲ್ಲಿ ನಲವತ್ತು ಮಕ್ಕಳ ನಡುವೆ ಅವನನ್ನು ನೋಡುವವರಿಲ್ಲ. ಮತ್ತೊಬ್ಬರಿಗೆ ಫೀಸೇ ಕಷ್ಟ. ಇನ್ನೂ ಕೆಲವರಿಗೆ ಮಗು ತೋಟ, ಗದ್ದೆ, ಯಕ್ಷಗಾನ, ಈಜು ಇದರ ನಡುವೆ ಬೆಳೆಯಬೇಕೆಂಬ ಆಸೆ.

ಇವರೆಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಮನೆಯಲ್ಲೇ ಕಲಿಸುವುದು, ಮುಕ್ತ ಶಾಲೆ, ಮಾಂಟೆಸ್ಸೋರಿ ತರಹದ ಸಣ್ಣ ಶಾಲೆ, ಗುರುಕುಲ, ಆನ್‌ಲೈನ್ ಶಾಲೆ, ಊರಿನ ಕನ್ನಡ ಶಾಲೆ, ಹೀಗೆ ದಾರಿಗಳು ಹಲವು. ಇವನ್ನು ಪಕ್ಕಪಕ್ಕ ಇಟ್ಟು ನೋಡುವುದು ಈ ಬರಹದ ಉದ್ದೇಶ. ಯಾವುದು ಒಳ್ಳೆಯದು ಅನ್ನುವ ನನ್ನ ಅಭಿಪ್ರಾಯವನ್ನೂ ಮುಚ್ಚಿಡುವುದಿಲ್ಲ.

ಪದ್ಧತಿಯ ಹೆಸರು ನೋಡುವ ಮೊದಲು

ಹೆಚ್ಚಿನವರು ಶುರು ಮಾಡುವುದೇ "ಯಾವ ಪದ್ಧತಿ ಬೆಸ್ಟ್?" ಎಂಬಲ್ಲಿಂದ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮೊದಲು ಎರಡು ಪ್ರಶ್ನೆಗಳಿವೆ.

ಒಂದು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಗುವಿನ ಜೊತೆ ಇರುವ ದೊಡ್ಡವರು ಯಾರು? ಅವರಿಗೆ ತಾಳ್ಮೆ ಉಂಟಾ, ಹೊತ್ತು ಉಂಟಾ, ಮಗುವಿನ ಜೊತೆ ಕೂರುವುದು ಅವರಿಗೆ ಇಷ್ಟವಾ? ಶಾಲೆ ಯಾವುದೇ ಇರಲಿ, ಮನೆಯೇ ಇರಲಿ, ಕಲಿಕೆಯ ಮುಕ್ಕಾಲು ಪಾಲು ನಿಂತಿರುವುದು ಈ ಒಬ್ಬ ವ್ಯಕ್ತಿಯ ಮೇಲೆ.

ಎರಡು, ಈ ದಾರಿ ಸರಿ ಬರಲಿಲ್ಲ ಅಂದರೆ ವಾಪಸ್ ಬರುವುದು ಹೇಗೆ? ಮಗುವಿಗೆ ಹದಿನಾಲ್ಕು, ಹದಿನೈದು ವರ್ಷ ಆದಾಗ ಕೈಯಲ್ಲಿ ಯಾವ ಸರ್ಟಿಫಿಕೇಟ್ ಇರುತ್ತದೆ? ಐದು ವರ್ಷದ ಮಗುವಿನ ತಂದೆ ತಾಯಿಗೆ ಇದು ತೀರಾ ದೂರದ ಮಾತು ಅನ್ನಿಸಬಹುದು. ಆದರೆ ನಮ್ಮ ರಾಜ್ಯದ ಕೆಲವು ನಿಯಮಗಳು ಒಂದನೇ ತರಗತಿಯಿಂದಲೇ ವರ್ಷಗಳನ್ನು ಎಣಿಸುತ್ತವೆ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಈ ಎರಡಕ್ಕೂ ಉತ್ತರ ಇಟ್ಟುಕೊಂಡು ಓದಿ.

ಮನೆಯಲ್ಲೇ ಕಲಿಸುವುದು

ಹೋಂಸ್ಕೂಲಿಂಗ್ ಕಾನೂನುಬಾಹಿರವಾ? ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಆದರೆ ಸೇರಿಸದ ತಂದೆ ತಾಯಿಗೆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಹಾಗಾಗಿ ಇದು ಸ್ಪಷ್ಟ ಒಪ್ಪಿಗೆಯೂ ಅಲ್ಲ, ಸ್ಪಷ್ಟ ನಿಷೇಧವೂ ಅಲ್ಲ. ಮನೆಯಲ್ಲಿ ಕಲಿಯುವ ಮಗು ಸರ್ಕಾರದ ಲೆಕ್ಕದಲ್ಲಿ "ಶಾಲೆಯಿಂದ ಹೊರಗುಳಿದ ಮಗು". ಆ ಸಮೀಕ್ಷೆಗೆ ಬಂದವರು ಮನೆಗೂ ಬಂದು ವಿಚಾರಿಸಬಹುದು. ಅವರು ಕೇಳುವುದು ಅವರ ಕೆಲಸ. ಮಗುವಿನ ಪುಸ್ತಕ, ನೋಟ್ಸ್, ಮಾಡಿದ ಚಿತ್ರ ಎಲ್ಲ ತೋರಿಸಿ ಸಮಾಧಾನದಿಂದ ಮಾತಾಡಿದರೆ ಸಾಕು.

ಮನೆಯಲ್ಲಿ ಕಲಿಯುವ ಆಯ್ಕೆಯನ್ನು ಕಾಯ್ದೆ ನೇರವಾಗಿ ಹೆಸರಿಸಿ ಒಪ್ಪುವುದು ಒಂದು ಕಡೆ. 2012ರ ತಿದ್ದುಪಡಿಯ ಪ್ರಕಾರ ಬಹುವಿಧ ಅಥವಾ ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಮನೆ ಆಧಾರಿತ ಶಿಕ್ಷಣ ಪಡೆಯುವ ಹಕ್ಕಿದೆ. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಒಬ್ಬರೇ ಒದ್ದಾಡುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿ ಬಿಐಇಆರ್‌ಟಿ ಶಿಕ್ಷಕರ ಬಗ್ಗೆ ಕೇಳಿ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಶಿಕ್ಷಕರು ಅವರು, ಮನೆಗೂ ಬರುತ್ತಾರೆ. ಇದು ದಯೆಯಲ್ಲ, ಮಗುವಿನ ಹಕ್ಕು. ಸಂಕೋಚ ಬೇಡ.

ಇನ್ನು ಕಲಿಕೆಯ ಮಾತು. ಮನೆಯಲ್ಲಿ ಕಲಿಸುವುದು ಚೆನ್ನಾಗಿ ನಡೆದಾಗ ಅದಕ್ಕೆ ಸಾಟಿ ಇಲ್ಲ. ವಿಟ್ಲದ ಕಡೆಯ ಒಂದು ಮನೆಯಲ್ಲಿ ನೋಡಿದ್ದು ಹೇಳುತ್ತೇನೆ. ಹನ್ನೊಂದು ವರ್ಷದ ಹುಡುಗಿ ಅಜ್ಜನ ಜೊತೆ ಅಂಗಳದಲ್ಲಿ ಕೂತು ಸುಲಿದ ಅಡಿಕೆ ಹೆಕ್ಕುತ್ತಿದ್ದಳು. ದರ್ಜೆ ನೋಡಿ ಚಾಲಿ ಒಂದು ಗೋಣಿಗೆ, ಪಟೋರ ಇನ್ನೊಂದಕ್ಕೆ, ಕೋಕ ಮತ್ತೊಂದಕ್ಕೆ. ಒಂದು ಅಡಿಕೆ ಕೈಗೆತ್ತಿ "ಅಜ್ಜ, ಇದು ಕೋಕ ಅಲ್ವಾ?" ಎಂದು ಕೇಳುತ್ತಾಳೆ. ಅಜ್ಜ ಕತ್ತರಿಯಲ್ಲಿ ಎರಡು ತುಂಡು ಮಾಡಿ ಒಳಗಿನ ಬಣ್ಣ ತೋರಿಸುತ್ತಾರೆ. ಮಧ್ಯಾಹ್ನ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಹಳೆಯ ಬಿಲ್ಲುಗಳನ್ನು ಹರಡಿಕೊಂಡು ಯಾವ ವರ್ಷ ಯಾವ ದರ್ಜೆಗೆ ಎಷ್ಟು ಧಾರಣೆ, ಎಷ್ಟು ತೂಕ, ಒಟ್ಟು ಎಷ್ಟು ಬಂತು ಎಂದು ನೋಟ್‌ಬುಕ್ಕಿನಲ್ಲಿ ಕಾಲಮ್ ಎಳೆದು ಬರೆಯುತ್ತಿದ್ದಳು. ದಶಮಾಂಶ, ಶೇಕಡಾ, ಸರಾಸರಿ ಎಲ್ಲ ಅದರೊಳಗೇ ಇತ್ತು. ಗ್ರಾಫ್ ಹಾಕಲು ಅವಳೇ ಚೌಕಳಿ ಹಾಳೆ ಕೇಳಿದಳಂತೆ. ಅದೇ ಹುಡುಗಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲು ಕಷ್ಟ ಎಂದು ಅವಳ ಅಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು. ಮನೆಯಲ್ಲಿ ಇಂಗ್ಲಿಷ್ ಬರೆಯುವವರು ಯಾರೂ ಇಲ್ಲ, ಹಾಗಾಗಿ ಅದು ಹಿಂದೆ ಬಿತ್ತು. ಮನೆಕಲಿಕೆ ಹೀಗೆಯೇ ಇರುತ್ತದೆ. ಮನೆಯಲ್ಲಿ ಎಂತ ಉಂಟೋ ಅದು ಮಗುವಿಗೆ ಧಾರಾಳವಾಗಿ ಸಿಗುತ್ತದೆ. ಇಲ್ಲದ್ದನ್ನು ಹೊರಗಿನಿಂದ ತಂದುಕೊಡಬೇಕು.

ಈ ಮನೆಯಲ್ಲಿ ಅಜ್ಜ ಇದ್ದರು, ಅಮ್ಮ ಇದ್ದರು, ಅಂಗಳ ಇತ್ತು. ಬಿಜೈಯ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಇದೇ ಕೆಲಸ ಬೇರೆಯೇ ಆಗುತ್ತದೆ. ಆಟಿ ತಿಂಗಳಿನಲ್ಲಿ ಅದರ ನಿಜವಾದ ಪರೀಕ್ಷೆ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಒಂದು ಮಗು, ಅದೇ ಗೋಡೆ, ಅದೇ ಮುಖ. ಶಾಲೆಗೆ ಹೋಗುವ ಮಕ್ಕಳಿಗೆ ಡಿಸಿಯವರು ಮಳೆ ರಜೆ ಕೊಟ್ಟ ದಿನ ಖುಷಿ. ಮನೆಯಲ್ಲಿ ಕಲಿಯುವ ಮಗುವಿಗೆ ಮಳೆಗಾಲ ಪೂರ್ತಿ ಹಾಗೆಯೇ. ಜೂನ್, ಜುಲೈ, ಆಗಸ್ಟಿನಲ್ಲಿ ವಾರಕ್ಕೆ ನಾಲ್ಕು ದಿನ ಬೇರೆ ಮಕ್ಕಳ ಜೊತೆ ಸೇರುವ ಜಾಗ ಎಲ್ಲಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಯಕ್ಷಗಾನದ ಹೆಜ್ಜೆ ಕಲಿಯುವ ತರಗತಿ, ಈಜು, ಲೈಬ್ರರಿ, ಹತ್ತಿರದ ಇನ್ನೊಂದು ಮನೆ, ಎಂತಾದರೂ ಸರಿ. ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ ಉಂಟು, ಸ್ವಾಮಿ ವಿವೇಕಾನಂದ ತಾರಾಲಯ ಉಂಟು, ಕುಂಬಾರಿಕೆ, ನೇಯ್ಗೆ ತೋರಿಸುವ ಕುಶಲಕರ್ಮಿಗಳ ಗ್ರಾಮ ಉಂಟು. ಅಲ್ಲಿಗೆ ಒಮ್ಮೆ ಪಿಕ್ನಿಕ್ ಹೋಗಿ ಬರುವುದು ಬೇರೆ, ತಿಂಗಳಿಗೊಮ್ಮೆ ಒಂದೇ ವಿಷಯ ಹಿಡಿದು ಹೋಗುವುದು ಬೇರೆ. ಎರಡನೆಯದನ್ನು ಮಾಡಿ.

ಇನ್ನೊಂದು ಮಾತು ಹೇಳಲೇಬೇಕು. "ನಾವು ಹೋಂಸ್ಕೂಲಿಂಗ್ ಮಾಡುತ್ತಿದ್ದೇವೆ" ಎಂದು ಅಪ್ಪ ಹೇಳುವ ಮನೆಗಳಲ್ಲಿ ಹೆಚ್ಚಿನ ಕಡೆ ಮಾಡುತ್ತಿರುವುದು ಅಮ್ಮ ಒಬ್ಬಳೇ. ಅಡುಗೆ, ಅತ್ತೆ ಮಾವನ ಆರೈಕೆ, ಬಟ್ಟೆ, ಅದರ ಮೇಲೆ ನಾಲ್ಕು ಗಂಟೆ ಪಾಠ. ಅವಳು ಕೆಲಸ ಬಿಟ್ಟು ಕೂತಿದ್ದರೆ ಆ ಸಂಬಳವೂ ಇದರ ಖರ್ಚೇ. "ಹೋಂಸ್ಕೂಲಿಂಗಿಗೆ ಖರ್ಚೇ ಇಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಮ್ಮನಿಗೆ ಮನಸ್ಸಿದೆಯಾ ಎಂದು ಮನೆಯವರೆಲ್ಲ ಕೂತು ಕೇಳಬೇಕು. ಅಪ್ಪ ಯಾವ ವಿಷಯ ಕಲಿಸುತ್ತಾನೆ, ವಾರದಲ್ಲಿ ಯಾವ ದಿನ ಅಮ್ಮನಿಗೆ ಪೂರ್ತಿ ಬಿಡುವು ಎಂದು ಬರೆದಿಡಬೇಕು. ಬರೆದಿಡದಿದ್ದರೆ ಎರಡು ತಿಂಗಳಲ್ಲಿ ಎಲ್ಲವೂ ಅವಳ ತಲೆ ಮೇಲೆಯೇ ಬಂದು ನಿಲ್ಲುತ್ತದೆ.

ಶಾಲೆಗೆ ಹೋಗದ ಮಗುವಿಗೆ ತಪ್ಪಿ ಹೋಗುವುದು ಇನ್ನೂ ಕೆಲವು ಉಂಟು. ಪ್ರತಿಭಾ ಕಾರಂಜಿ, ವಲಯ ಮಟ್ಟದ ಆಟೋಟ, ಸ್ಕೌಟ್ಸ್ ಎಲ್ಲ ಶಾಲೆಯ ಮೂಲಕವೇ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸಿ, ವರ್ಷದ ಕೊನೆಗೆ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ರಂಗಕ್ಕೆ ಹತ್ತಿಸುತ್ತದೆ. ಅದೂ ಶಾಲೆಗಳ ಮೂಲಕ ನಡೆಯುವ ಕೆಲಸ. ವೇಷ ಕಟ್ಟುವ ಆಸೆಯ ಮಗುವನ್ನು ಶಾಲೆ ಬಿಡಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸರ್ಟಿಫಿಕೇಟಿನ ದಾರಿ: ಎನ್‌ಐಒಎಸ್ ಮತ್ತು ಖಾಸಗಿ ಎಸ್ಸೆಸ್ಸೆಲ್ಸಿ

ಮನೆಯಲ್ಲಿ ಕಲಿತ ಮಗು ಹತ್ತನೇ ತರಗತಿ ಪಾಸಾಗುವುದು ಹೇಗೆ? ಮುಖ್ಯವಾಗಿ ಎರಡು ದಾರಿ.

ಎನ್‌ಐಒಎಸ್ ಎಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಕೇಂದ್ರ ಸರ್ಕಾರದ್ದು, 1989ರಲ್ಲಿ ಶುರುವಾಯಿತು. 14 ವರ್ಷ ತುಂಬಿದವರು ಹತ್ತನೇ ತರಗತಿಯ ಹಂತಕ್ಕೆ ಹೆಸರು ನೋಂದಾಯಿಸಬಹುದು. ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಕನ್ನಡವನ್ನೂ ಭಾಷೆಯಾಗಿ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್ ಮೇ ಹೊತ್ತಿಗೆ ಒಂದು, ಅಕ್ಟೋಬರ್ ನವೆಂಬರಿಗೆ ಇನ್ನೊಂದು. ಐದು ವರ್ಷದೊಳಗೆ ಒಂಬತ್ತು ಅವಕಾಶ. ಎಲ್ಲ ವಿಷಯವನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ, ಒಂದೊಂದಾಗಿ ಮುಗಿಸಬಹುದು. ಚಿತ್ರಕಲೆ, ಕರ್ನಾಟಕ ಸಂಗೀತದಂಥ ವಿಷಯಗಳೂ ಇವೆ. ವಿಜ್ಞಾನ ತೆಗೆದುಕೊಂಡರೆ ಅಧ್ಯಯನ ಕೇಂದ್ರದಲ್ಲಿ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಫಾರ್ಮ್ ತುಂಬುವಾಗ ಆ ಕೇಂದ್ರ ಮನೆಯಿಂದ ಎಷ್ಟು ದೂರ ಎಂದು ನೋಡಿಯೇ ಆರಿಸಿ. ಓದು ನಿಧಾನ ಇರುವ ಮಗುವಿಗೆ, ಕ್ರೀಡೆಯಲ್ಲಿ ಮುಳುಗಿರುವ ಮಗುವಿಗೆ, ದೀಪಾವಳಿಯ ನಂತರ ಪತ್ತನಾಜೆಯ ತನಕ ಮೇಳದ ಜೊತೆ ರಾತ್ರಿ ರಾತ್ರಿ ತಿರುಗುವ ಬಾಲ ಕಲಾವಿದನಿಗೆ ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಅಂಥವನು ಮಳೆಗಾಲದಲ್ಲಿ ಓದಿ ಅಕ್ಟೋಬರಿನಲ್ಲಿ ಬರೆಯಬಹುದು.

ಎರಡನೆಯದು ನಮ್ಮ ರಾಜ್ಯದ್ದೇ. 15 ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು. ಪಠ್ಯ ಕನ್ನಡದಲ್ಲಿ ಸಿಗುತ್ತದೆ, ಹಳೆಯ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ಊರಲ್ಲಿ ಹೇಳಿಕೊಡುವವರೂ ಸಿಗುತ್ತಾರೆ. ಕನ್ನಡದಲ್ಲಿ ಓದಿದ ಮಗುವಿಗೆ ಇದು ಹತ್ತಿರದ ದಾರಿ. ಇದರ ಬಗ್ಗೆ ಯಾಕೋ ನಮ್ಮಲ್ಲಿ ಮಾತೇ ಕಡಿಮೆ.

"ಎನ್‌ಐಒಎಸ್ ಆದರೆ ಮುಂದೆ ಡಾಕ್ಟರ್ ಆಗಲಿಕ್ಕಿಲ್ಲ" ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. 2018ರಲ್ಲಿ ಮುಕ್ತ ಶಾಲೆಯವರನ್ನು ನೀಟ್‌ನಿಂದ ಹೊರಗಿಟ್ಟದ್ದು ನಿಜ. ದೆಹಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ವಿಷಯ ಇತ್ಯರ್ಥವಾಯಿತು. ಈಗ ಮುಕ್ತ ಶಾಲೆಯ ವಿದ್ಯಾರ್ಥಿಗಳೂ ನೀಟ್ ಬರೆಯಬಹುದು.

ನಮ್ಮವರು ಗಮನಿಸದೆ ಬಿಡುವುದು ಸಿಇಟಿಯ (ವೃತ್ತಿಪರ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ) ನಿಯಮವನ್ನು. ಕರ್ನಾಟಕದ ಸರ್ಕಾರಿ ಸೀಟಿಗೆ ಅರ್ಹತೆ ಬೇಕಾದರೆ ಸಾಮಾನ್ಯ ದಾರಿ ಎಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯ ಒಳಗೆ ಕನಿಷ್ಠ 7 ವರ್ಷ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು. ಎಂಟು, ಒಂಬತ್ತು ವರ್ಷ ಮನೆಯಲ್ಲಿ ಕಲಿತ ಮಗುವಿಗೆ ಈ ಏಳು ವರ್ಷ ಎಲ್ಲಿಂದ ಬರಬೇಕು? ಇದಕ್ಕೆ ಪರಿಹಾರವೂ ಅದೇ ನಿಯಮದಲ್ಲಿದೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಎರಡು ವರ್ಷದ ಪಿಯುಸಿಯನ್ನು ಇಲ್ಲಿಯ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿ ಪಾಸಾದರೆ ಇನ್ನೊಂದು ಕಲಮಿನ ಅಡಿಯಲ್ಲಿ ಅರ್ಹತೆ ಸಿಗುತ್ತದೆ. ಹಾಗಾಗಿ ಮನೆಯಲ್ಲಿ ಕಲಿತ ಮಗು ಹತ್ತನೆಯ ನಂತರ ಮಾಮೂಲಿ ಪಿಯು ಕಾಲೇಜಿಗೆ ಸೇರುವುದು ಒಳ್ಳೆಯದು. ನಿಮ್ಮದೇ ವ್ಯಾಸಂಗ ಪ್ರಮಾಣಪತ್ರಗಳನ್ನು ಹುಡುಕಿ ತೆಗೆದಿಡಿ. ಸೇರಿಸಬೇಕೆಂದಿರುವ ಕಾಲೇಜಿನಲ್ಲಿ ಎನ್‌ಐಒಎಸ್ ಮಕ್ಕಳನ್ನು ತೆಗೆದುಕೊಳ್ಳುವ ಕ್ರಮ ಹೇಗೆ ಎಂದು ಒಂದು ವರ್ಷ ಮೊದಲೇ ಹೋಗಿ ಕೇಳಿ.

ಇನ್ನೊಂದು, ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಎರಡಕ್ಕೂ 1ರಿಂದ 10ನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ಓದಿನ ದಾಖಲೆ ಬೇಕು. ನಡುವೆ ಎರಡು ವರ್ಷ ಮಗುವನ್ನು ಬಿಡಿಸಿದರೆ ಅದು ಹೋಯಿತು. ಹಳ್ಳಿಯ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸುವವರು ಇದನ್ನು ತಿಳಿದು ಬಿಡಿಸಲಿ.

ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ ಕನಸಿರುವವರೂ ನೆನಪಿಡಬೇಕು. ದಕ್ಷಿಣ ಕನ್ನಡಕ್ಕೆ ಮುಡಿಪುವಿನಲ್ಲಿ, ಉಡುಪಿಗೆ ಹೆಬ್ರಿ ಹತ್ತಿರದ ಚಾರದಲ್ಲಿ ನವೋದಯ ಇದೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ಅದಕ್ಕೆ 3, 4, 5ನೇ ತರಗತಿಯನ್ನು ಮಾನ್ಯತೆ ಇರುವ ಶಾಲೆಯಲ್ಲಿ ಓದಿರಬೇಕು.

ಮಾಂಟೆಸ್ಸೋರಿ, ವಾಲ್ಡಾರ್ಫ್ ಮತ್ತು ಇತರ ಸಣ್ಣ ಶಾಲೆಗಳು

ಮರಿಯಾ ಮಾಂಟೆಸ್ಸೋರಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ. 1939ರಲ್ಲಿ ಭಾರತಕ್ಕೆ ಬಂದವರು ಯುದ್ಧದ ಕಾಲವನ್ನೆಲ್ಲ ಇಲ್ಲೇ ಕಳೆದು ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಹಾಗಾಗಿ ನಮ್ಮ ದೇಶದಲ್ಲಿ ಈ ಪದ್ಧತಿಗೆ ಹಳೆಯ ಬೇರು ಇದೆ. ಆದರೆ ಆ ಹೆಸರನ್ನು ಬೋರ್ಡಿನ ಮೇಲೆ ಯಾರು ಬೇಕಾದರೂ ಬರೆದುಕೊಳ್ಳಬಹುದು. ಬಣ್ಣದ ಕುರ್ಚಿ, ಗೋಡೆಯ ಮೇಲೆ ಕಾರ್ಟೂನ್, ಒಳಗೆ ಎಬಿಸಿಡಿ ಕಾಪಿ ಬರೆಸುವ ನರ್ಸರಿಗಳೂ ಅದೇ ಹೆಸರಿನಲ್ಲಿ ನಡೆಯುತ್ತಿವೆ.

ನೋಡಿ ಗುರುತಿಸುವುದು ಕಷ್ಟವಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಒಟ್ಟಿಗೆ ಇದ್ದಾರಾ? ಬೆಳಿಗ್ಗೆ ಎರಡು ಮೂರು ಗಂಟೆ ಹೊತ್ತು ಗಂಟೆ ಬಾರಿಸದೆ ಮಕ್ಕಳನ್ನು ಅವರ ಕೆಲಸದಲ್ಲೇ ಬಿಡುತ್ತಾರಾ? ಟೀಚರ್ ನಿಂತು ಎಲ್ಲರಿಗೂ ಒಟ್ಟಿಗೆ ಪಾಠ ಮಾಡುವುದೇ ಜಾಸ್ತಿಯಾ, ಅಥವಾ ಒಂದು ಮಗುವಿನ ಪಕ್ಕ ಚಾಪೆಯ ಮೇಲೆ ಕೂತು ತೋರಿಸುತ್ತಾರಾ? ನಾನು ತಪ್ಪದೆ ನೋಡುವುದು ಅಕ್ಷರದ ಪಟ್ಟಿಗಳನ್ನು. ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸಿ ಕಲಿಯುವುದು ಈ ಪದ್ಧತಿಯ ಮುಖ್ಯ ಭಾಗ. ಅದರಲ್ಲಿ ಅ ಆ ಇ ಈ ಇದೆಯಾ, ಬರೀ ಇಂಗ್ಲಿಷಾ? ಪೆಟ್ಟಿಗೆ ಇದ್ದರೂ ಅದರ ಮೇಲೆ ಧೂಳು ಕೂತಿದೆಯಾ? ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಗು ಮೂರು ವರ್ಷಕ್ಕೆ ಪೂರ್ತಿ ಇಂಗ್ಲಿಷಿನ ಕೋಣೆಗೆ ಹೋಗಿ ಕೂತರೆ ಎಷ್ಟೋ ದಿನ ಮಾತೇ ಆಡುವುದಿಲ್ಲ. ಟೀಚರಿಗೆ ಮಗುವಿನ ಭಾಷೆ ಬರುತ್ತದಾ ಎಂದು ಕೇಳುವುದು ಅವಮಾನವಲ್ಲ.

ವಾಲ್ಡಾರ್ಫ್ ಪದ್ಧತಿ 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರುಡಾಲ್ಫ್ ಸ್ಟೈನರ್ ಶುರು ಮಾಡಿದ್ದು. ಏಳು ವರ್ಷದ ತನಕ ಓದು ಬರಹಕ್ಕೆ ಅವಸರವಿಲ್ಲ, ಕಥೆ, ಹಾಡು, ಮಣ್ಣು, ನೂಲು ಇದೇ ಪಾಠ. ಮನಸ್ಸಿಗೆ ಹಿಡಿಸುವ ದಾರಿ. ಆದರೆ ಆರು ತುಂಬಿ ಮಾಮೂಲಿ ಒಂದನೇ ತರಗತಿಗೆ ಬದಲಾಯಿಸುವ ಯೋಚನೆ ಇದ್ದರೆ ಮಗು ಅಲ್ಲಿ ಒಮ್ಮೆ ತಬ್ಬಿಬ್ಬಾಗುತ್ತದೆ. ಇದಕ್ಕೆ ಹೋಗುವವರು ಕೆಲವು ವರ್ಷ ನಿಲ್ಲುವ ಮನಸ್ಸು ಮಾಡಿ ಹೋಗಬೇಕು.

ಈ ಸಣ್ಣ ಶಾಲೆಗಳ ದೊಡ್ಡ ಕಷ್ಟ ಎಂದರೆ ಹೆಚ್ಚಿನವು ಮೇಲಿನ ತರಗತಿಯವರೆಗೆ ಇರುವುದಿಲ್ಲ, ಕೆಲವಕ್ಕೆ ಮಾನ್ಯತೆಯೂ ಇರುವುದಿಲ್ಲ. ಮಾನ್ಯತೆ ಇದ್ದರೆ ಮಗುವಿಗೆ ಸ್ಯಾಟ್ಸ್ ಸಂಖ್ಯೆ (ಸರ್ಕಾರದ ವಿದ್ಯಾರ್ಥಿ ದಾಖಲೆಯ ಸಂಖ್ಯೆ) ಸಿಗುತ್ತದೆ, ಟಿಸಿ ಸಿಗುತ್ತದೆ. ಇಲ್ಲದಿದ್ದರೆ ದಾಖಲೆಯ ಮಟ್ಟಿಗೆ ಅದು ಹೋಂಸ್ಕೂಲಿಂಗ್ ಇದ್ದ ಹಾಗೆಯೇ, ಫೀಸ್ ಮಾತ್ರ ಬೇರೆ. ಮೂರರಿಂದ ಎಂಟು ವರ್ಷದ ತನಕ ಇಂಥ ಶಾಲೆ, ಆಮೇಲೆ ಊರಿನ ಶಾಲೆ ಎಂಬ ಯೋಜನೆ ನನಗೆ ಸರಿ ಅನ್ನಿಸುತ್ತದೆ, ಹಣ ಇದ್ದವರಿಗೆ.

ಗುರುಕುಲ, ದರ್ಸ್, ವಸತಿ ಶಾಲೆ

ವಿಟ್ಲದ ಹತ್ತಿರ ಮೂರ್ಕಜೆಯಲ್ಲಿ ಹೆಣ್ಣುಮಕ್ಕಳ ಮೈತ್ರೇಯೀ ಗುರುಕುಲ ಇದೆ. ಘಟ್ಟದ ಮೇಲೆ ಹರಿಹರಪುರದಲ್ಲಿ ಗಂಡುಮಕ್ಕಳ ಪ್ರಬೋಧಿನೀ ಗುರುಕುಲ. ದೇವಸ್ಥಾನ, ಮಠಗಳ ವೇದ ಪಾಠಶಾಲೆಗಳೂ ಇವೆ. ಮಸೀದಿಗಳಲ್ಲಿ ಉಳಿದು ಕಲಿಯುವ ದರ್ಸ್ ಇದೆ. ಬ್ಯಾರಿ ಮನೆಗಳ ಎಷ್ಟೋ ಮಕ್ಕಳು ಬೆಳಿಗ್ಗೆ ಮದರಸ ಮುಗಿಸಿ ಶಾಲೆಗೆ ಹೋಗುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದು ಬಂದ ಕ್ರಮ. ನನಗೆ ಕೇಳಿದರೆ ಆ ಕ್ರಮವೇ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಧರ್ಮದ ಪಾಠ ಅದರ ಹೊತ್ತಿಗೆ, ಶಾಲೆ ಶಾಲೆಯ ಹೊತ್ತಿಗೆ, ರಾತ್ರಿ ಮಗು ಮನೆಯಲ್ಲಿ.

ಪೂರ್ತಿ ವಸತಿಗೆ ಬಿಡುವುದಾದರೆ ಮೂರು ವಿಷಯ ಕೇಳಿ. ಹತ್ತನೆಯ ಪರೀಕ್ಷೆ ಯಾವ ಬೋರ್ಡಿನದ್ದು ಬರೆಸುತ್ತಾರೆ? ಗಣಿತ, ವಿಜ್ಞಾನ ಕಲಿಸುವವರು ಯಾರು? ಮಗು ಮನೆಗೆ ಫೋನ್ ಮಾಡಬೇಕೆಂದರೆ ಒಬ್ಬನೇ ನಿಂತು ಮಾತಾಡಲು ಬಿಡುತ್ತಾರಾ? ಮೂರನೆಯದಕ್ಕೆ ನೇರ ಉತ್ತರ ಸಿಗದಿದ್ದರೆ ಎಷ್ಟೇ ಹೆಸರಿರುವ ಸಂಸ್ಥೆ ಆದರೂ ಬಿಡಬೇಡಿ. ಹತ್ತು ವರ್ಷದ ಮಗುವಿಗೆ ತನಗೆ ಆದದ್ದನ್ನು ಹೇಳಿಕೊಳ್ಳಲು ಒಂದು ದಾರಿ ಇರಲೇಬೇಕು.

ಆನ್‌ಲೈನ್ ಶಾಲೆ

ಇದರ ಬಗ್ಗೆ ಹೇಳುವುದು ಕಡಿಮೆ. ಕೊರೊನಾ ಕಾಲದಲ್ಲಿ ಸುಳ್ಯದ ಕಡೆ ಮಕ್ಕಳು ನೆಟ್‌ವರ್ಕಿಗಾಗಿ ಮಳೆಯಲ್ಲಿ ಗುಡ್ಡ ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಘಟ್ಟದ ಬುಡದ ಊರುಗಳಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಹನ್ನೆರಡು ವರ್ಷಕ್ಕಿಂತ ಸಣ್ಣ ಮಕ್ಕಳಿಗೆ ದಿನಕ್ಕೆ ನಾಲ್ಕೈದು ಗಂಟೆ ಪರದೆ ನಾನು ಸೂಚಿಸಲಾರೆ. ದೊಡ್ಡ ಮಕ್ಕಳಿಗೆ, ಮನೆಯಲ್ಲಿ ಯಾರಿಗೂ ಬಾರದ ಒಂದೆರಡು ವಿಷಯಕ್ಕೆ, ಸಹಾಯವಾಗಿ ಬಳಸಿಕೊಳ್ಳಬಹುದು. ಅಷ್ಟೇ.

ಊರಿನ ಕನ್ನಡ ಶಾಲೆ, ಜೊತೆಗೆ ಮನೆ

ಪರ್ಯಾಯ ಹುಡುಕುವವರು ಕೊನೆಗೆ ನೋಡುವುದು ಇದನ್ನು. ನಾನು ಮೊದಲು ನೋಡಿ ಎನ್ನುತ್ತೇನೆ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯೇ ಮಾಮೂಲಿ ಆಗಿರುವ ನಮ್ಮ ಎರಡು ಜಿಲ್ಲೆಗಳಲ್ಲಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಸಣ್ಣ ಕನ್ನಡ ಶಾಲೆ ಈಗ ನಿಜವಾಗಿಯೂ ಬೇರೆ ದಾರಿ.

ಸರ್ಕಾರಿ ಶಾಲೆಗಳ 1, 2, 3ನೇ ತರಗತಿಯ ನಲಿಕಲಿ ಎಷ್ಟು ಜನ ಪೋಷಕರಿಗೆ ಗೊತ್ತು? 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ತಯಾರಿಸಿದರು. 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಸಣ್ಣ ಸಣ್ಣ ಗುಂಪಾಗಿ ಕೂರುತ್ತಾರೆ. ಮಗು ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ ತಾನು ಎಲ್ಲಿಗೆ ಬಂದೆ ಎಂದು ತಿಳಿದು, ತಟ್ಟೆಯಿಂದ ತನ್ನ ಚಿಹ್ನೆಯ ಕಾರ್ಡನ್ನು ತಾನೇ ಹೆಕ್ಕಿ ತರುತ್ತದೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದು ಗುಂಪು ಗೆಳೆಯರ ಸಹಾಯದಿಂದ, ಮತ್ತೊಂದು ತಾನೇ ಮಾಡುತ್ತದೆ. ಮುಗಿದ ಮೇಲೆ ಪ್ರಗತಿನೋಟದಲ್ಲಿ ಗುರುತು. ತಲೆಯ ಮೇಲೆ ದಾರದ ಚಪ್ಪರಕ್ಕೆ ಮಕ್ಕಳು ಮಾಡಿದ ಚಿತ್ರಗಳು ತೂಗುತ್ತಿರುತ್ತವೆ. ಎರಡು ದಿನ ರಜೆ ಹಾಕಿದ ಮಗು ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ಮಾಂಟೆಸ್ಸೋರಿ ಕೋಣೆಯಲ್ಲಿ ಹುಡುಕಲು ಹೇಳಿದೆನಲ್ಲ, ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ, ತನ್ನ ವೇಗಕ್ಕೆ ಕಲಿಕೆ, ಕೈಗೆ ಸಿಗುವ ಸಾಮಗ್ರಿ, 1ನೇ ತರಗತಿಯಿಂದ ಅವೆಲ್ಲ ಇಲ್ಲಿ ಇವೆ. ಕನ್ನಡದಲ್ಲಿ ಇವೆ. ಫೀಸಿಲ್ಲದೆ ಇವೆ.

ಎಲ್ಲ ಕಡೆ ಹೀಗೆಯೇ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಇಡೀ ಶಾಲೆಗೆ ಇಬ್ಬರೇ ಶಿಕ್ಷಕರಿದ್ದು, ಒಬ್ಬರು ಯಾವಾಗಲೂ ಮೀಟಿಂಗ್, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ ಎಂದು ಓಡಾಡುತ್ತಿದ್ದರೆ ಯಾವ ಕಾರ್ಡೂ ಕೆಲಸಕ್ಕೆ ಬರುವುದಿಲ್ಲ. ಆರೇಳು ಮಕ್ಕಳು ಮಾತ್ರ ಉಳಿದ ಶಾಲೆಯಲ್ಲಿ ಮಗುವಿಗೆ ಆಡಲು ಜೊತೆ ಸಿಗುವುದಿಲ್ಲ. ಹಾಗಾಗಿ ಶಾಲೆಗೆ ಹೋಗಿ ನೋಡಿ. ಎಷ್ಟು ಶಿಕ್ಷಕರು ಖಾಯಂ, ಎಷ್ಟು ಅತಿಥಿ ಶಿಕ್ಷಕರು? ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಸಭೆ ನಡೆಯುತ್ತದಾ? ಶೌಚಾಲಯದಲ್ಲಿ ನೀರು ಬರುತ್ತದಾ? ಅಡುಗೆಯ ಅಕ್ಕನ ಹತ್ತಿರ ಐದು ನಿಮಿಷ ಮಾತಾಡಿ, ಶಾಲೆಯ ನಿಜ ಸ್ಥಿತಿ ಅಲ್ಲಿ ಗೊತ್ತಾಗುತ್ತದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಲಿಸುವ ದ್ವಿಭಾಷಾ ವಿಭಾಗ ಇದ್ದು ಅದಕ್ಕೆ ಸೇರಿಸಿದರೆ ಕನ್ನಡ ಮಾಧ್ಯಮದ ಮೀಸಲಾತಿ ಸಿಗುತ್ತದಾ ಎಂದು ಮುಖ್ಯೋಪಾಧ್ಯಾಯರ ಹತ್ತಿರ ಸ್ಪಷ್ಟ ಮಾಡಿಕೊಳ್ಳಿ.

ಈ ಊರಿನಲ್ಲಿ ಒಬ್ಬೊಬ್ಬರ ಹಠದಿಂದ ಶಾಲೆಗಳು ಎದ್ದ ಉದಾಹರಣೆ ನಮಗೆ ಕಡಿಮೆ ಇಲ್ಲ. ಮಾಮೂಲಿ ಶಾಲೆಗಳು ದಲಿತ ಮಕ್ಕಳಿಗೆ ಬಾಗಿಲು ಮುಚ್ಚಿದ್ದಾಗ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿ ಶಾಲೆ ತೆರೆದರು. ನಮ್ಮ ಕಾಲದಲ್ಲೇ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು, ಅದು ಸರ್ಕಾರಿ ಶಾಲೆಯಾಗಿ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಇಬ್ಬರೂ ಯೋಚಿಸಿದ್ದು ತಮ್ಮ ಮನೆಯ ಮಕ್ಕಳ ಬಗ್ಗೆ ಮಾತ್ರ ಅಲ್ಲ. ಓದು ಬಲ್ಲ, ಬಿಡುವಿರುವ ನಾಲ್ಕು ಮನೆಯವರು ತಮ್ಮ ಮಕ್ಕಳನ್ನು ಊರ ಶಾಲೆಗೆ ಸೇರಿಸಿ ಎಸ್‌ಡಿಎಂಸಿಯಲ್ಲಿ ಕೂತರೆ ಆ ಶಾಲೆಯ ಇತರ ಮಕ್ಕಳಿಗೂ ಒಳ್ಳೆಯದಾಗುತ್ತದೆ. ಪರ್ಯಾಯದ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು ಎಂಬುದು ನನ್ನ ಆಸೆ.

ಹತ್ತಿರದ ಶಾಲೆಯಾದರೆ ಮಗು ಸಂಜೆ ನಾಲ್ಕೂವರೆಗೆಲ್ಲ ಮನೆಯಲ್ಲಿರುತ್ತದೆ. ವ್ಯಾನಿನಲ್ಲಿ ಹೋಗುವ ಒಂದೂವರೆ ಗಂಟೆ ಉಳಿಯುತ್ತದೆ. ಮನೆಯಲ್ಲಿ ಕಲಿಸಬೇಕೆಂದು ಆಸೆಪಟ್ಟದ್ದನ್ನು ಆ ಹೊತ್ತಿನಲ್ಲಿ, ಶನಿವಾರ ಮಧ್ಯಾಹ್ನ, ಬೇಸಿಗೆ ರಜೆಯಲ್ಲಿ ಕಲಿಸಿ. ಇಂಗ್ಲಿಷ್ ಓದಿಸುವುದು, ಮರ ಏರುವುದು, ಚೆಂಡೆ, ಅಡುಗೆ, ಮಲ್ಪೆಯ ಬಂದರಿಗೆ ಹೋಗಿ ಮೀನಿನ ಹೆಸರು ಕಲಿಯುವುದು. ಟ್ಯೂಷನ್ ಮಾತ್ರ ಬೇಡ.

ಯಾರಿಗೆ ಯಾವುದು, ಯಾವಾಗ

ಅಜ್ಜ ಅಜ್ಜಿ ಇರುವ, ದಿನವಿಡೀ ಒಬ್ಬರು ಮನಸ್ಸಿಟ್ಟು ಜೊತೆಗಿರಬಲ್ಲ, ಅಕ್ಕಪಕ್ಕ ಮಕ್ಕಳಿರುವ ಮನೆಗೆ ಹೋಂಸ್ಕೂಲಿಂಗ್ ಹೊಂದುತ್ತದೆ. ಇಬ್ಬರೂ ದುಡಿಯುವ, ಒಂದೇ ಮಗುವಿನ ಮನೆಗೆ ಹೊಂದುವುದಿಲ್ಲ. ಅಂಥವರು ಎಂಟು ವರ್ಷದ ತನಕ ಒಳ್ಳೆಯ ಸಣ್ಣ ಶಾಲೆ ನೋಡಲಿ, ಇಲ್ಲವೇ ನೇರವಾಗಿ ಊರಿನ ಕನ್ನಡ ಶಾಲೆ. ಶಾಲೆಯಲ್ಲಿ ಪೆಟ್ಟು, ಅವಮಾನ, ಬೆದರಿಕೆಯಿಂದ ಮಗು ಕುಗ್ಗಿದ್ದರೆ ಪದ್ಧತಿಯ ಚರ್ಚೆ ಆಮೇಲೆ. ಮೊದಲು ಆ ಶಾಲೆಯಿಂದ ಬಿಡಿಸಿ. ಕೆಲವು ತಿಂಗಳು ಮನೆಯಲ್ಲಿ ಸುಮ್ನೆ ಇರಲಿ. ಒಂದು ವರ್ಷ ಹೋದರೆ ಹೋಗಲಿ.

ಬಿಡಿಸುವಾಗ ಟಿಸಿ ತೆಗೆದುಕೊಳ್ಳಿ, ಸ್ಯಾಟ್ಸ್ ಸಂಖ್ಯೆ ಬರೆದಿಡಿ, ಅಲ್ಲಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಕೇಳಿ ಪಡೆಯಿರಿ. ವಾಪಸ್ ಸೇರಿಸುವುದಕ್ಕೆ ಹೆದರಬೇಡಿ. ಶಾಲೆಯಿಂದ ಹೊರಗಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಟಿಸಿ ತಡವಾಯಿತು ಎಂದು ಪ್ರವೇಶ ನಿಲ್ಲಿಸುವಂತಿಲ್ಲ. ಯಾರಾದರೂ ಆಗುವುದಿಲ್ಲ ಎಂದರೆ ಬಿಇಒ ಕಚೇರಿಗೆ ಲಿಖಿತವಾಗಿ ಕೊಡಿ.

ಶಾಲೆಗಳನ್ನು ನೋಡಲು ಹೋಗುವುದಾದರೆ ನವೆಂಬರ್, ಡಿಸೆಂಬರಿನಲ್ಲಿ ಹೋಗಿ, ಮಾಮೂಲಿ ದಿನದ ಹನ್ನೊಂದು ಗಂಟೆಗೆ. ವಾರ್ಷಿಕೋತ್ಸವದ ದಿನ ಎಲ್ಲ ಶಾಲೆಯೂ ಚೆಂದ. ಮಗುವನ್ನೂ ಕರೆದುಕೊಂಡು ಹೋಗಿ, ಬಂದ ಮೇಲೆ ಅದು ಏನು ಹೇಳುತ್ತದೆ ಕೇಳಿ.

ಮನೆಯಲ್ಲಿ ಕಲಿಸುವವರು ಐದನೇ ತರಗತಿಯ ವಯಸ್ಸಿಗೊಮ್ಮೆ, ಏಳನೆಯದರ ವಯಸ್ಸಿಗೊಮ್ಮೆ ಮಗುವನ್ನು ಕೂರಿಸಿ ಮುಂದುವರಿಸೋಣವಾ ಎಂದು ಕೇಳಲೇಬೇಕು. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದು ಎಂಟನೆಯದರಿಂದ. ಹೆಚ್ಚಿನ ಮಕ್ಕಳು ಹೊಸ ಶಾಲೆಗೆ ಬಂದಿರುತ್ತಾರೆ, ಹಾಗಾಗಿ ಹೊಸದಾಗಿ ಸೇರಿದ ಮಗು ಒಬ್ಬಂಟಿ ಅನ್ನಿಸಿಕೊಳ್ಳುವುದಿಲ್ಲ. 14 ದಾಟಿದರೆ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಇಲ್ಲ, ಆಮೇಲೆ ಉಳಿಯುವುದು ಎನ್‌ಐಒಎಸ್ ಅಥವಾ ಖಾಸಗಿ ಎಸ್ಸೆಸ್ಸೆಲ್ಸಿ. ವಾಪಸ್ ಕಳಿಸುವ ಮನಸ್ಸಿದ್ದರೆ ಏಳನೆಯದು ಮುಗಿಯುವ ವರ್ಷದ ಏಪ್ರಿಲ್, ಮೇಯಲ್ಲೇ ಹತ್ತಿರದ ಹೈಸ್ಕೂಲಿಗೆ ಹೋಗಿ ಮಾತಾಡಿ.